‘ಹೊರೆ’ ಎಂಬ ಪದದ ಚರಿತ್ರೆ



ಈ ಬರಹವನ್ನು ನಾಲ್ಕೈದು ವರ್ಷಗಳ ಹಿಂದೆಯೇ ಬರೆಯಬೇಕಿತ್ತು. ಸಂಕೋಚದಿಂದ ಮುಂದೂಡುತ್ತ ಬಂದೆ. ಚರಿತ್ರೆಯ ಮೇಷ್ಟ್ರೆನಿಸಿಕೊಂಡವನು ಚರಿತ್ರೆಯನ್ನು ಓದದೆ ಕೊಟ್ಟ ಒಂದು ಸಲಹೆಯ ಕಥೆ ಇದರಲ್ಲಿದೆ. ನಿಮ್ಮಲ್ಲಿ ಹಲವರು ಅಮೆರಿಕದಲ್ಲಿ ನೆಲೆಸಿದ್ದೀರಿ. ಇನ್ನು ಕೆಲವರ ಮಕ್ಕಳು ಅಲ್ಲಿದ್ದಾರೆ. ಆದ್ದರಿಂದ ಈಗಲಾದರೂ ಬರೆಯುವುದು ನ್ಯಾಯವೆನಿಸಿತು.

2019ರ ಅಕ್ಟೋಬರ್ ತಿಂಗಳ ಕೊನೆಯ ವಾರ. ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಅಮೆರಿಕದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕರೆ ಬಂತು. ಆಕೆಯ ತಾಯಿ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾರೆ. ತಂದೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ತೀರಿಕೊಂಡವರು. ಎರಡನೆಯ ಮಗು ಅವಧಿಗೆ ಮುಂಚೆಯೇ ಹುಟ್ಟಿ ವಾರಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ವಿಮೆ ಭರಿಸಿದ ಮೇಲೂ ಉಳಿದ ಬಿಲ್ಲು ಗಂಡ ಹೆಂಡಿರನ್ನು ಕಂಗೆಡಿಸುವಷ್ಟಿತ್ತು. ಮಗುವಿನ ಹೆಸರಿನಲ್ಲಿ ಸರ್ಕಾರದ ವೈದ್ಯಕೀಯ ನೆರವಿಗೆ ಅರ್ಜಿ ಹಾಕಬಹುದೆಂದು ಆಸ್ಪತ್ರೆಯವರೇ ಸೂಚಿಸಿದ್ದರು. ಆದರೆ ಗ್ರೀನ್ ಕಾರ್ಡಿನ ಅರ್ಜಿ ಸಲ್ಲಿಕೆಯಾಗಿತ್ತು. ಹತ್ತಾರು ಗುಂಪುಗಳಿಂದ ವಾಟ್ಸಾಪಿಗೆ ಒಂದೇ ಸಂದೇಶ ಬಂದು ಬೀಳುತ್ತಿತ್ತು: ಸರ್ಕಾರದ ಒಂದು ಡಾಲರ್ ಮುಟ್ಟಿದರೂ ಗ್ರೀನ್ ಕಾರ್ಡ್ ಹೋಯಿತೆಂದೇ ತಿಳಿಯಿರಿ.

“ಸರ್, ನೀವು ಏನಂತೀರಿ? ಅಮ್ಮ ನಿಮ್ಮನ್ನೇ ಕೇಳು ಅಂದರು” ಎಂದಳು.

ನಾನು ಎರಡು ನಿಮಿಷವೂ ಯೋಚಿಸಲಿಲ್ಲ. “ಬೇಡ ತಾಯೀ, ಹಂಗಿನ ಅನ್ನ ಬೇಡ. ಹೇಗಾದರೂ ಸಾಲ ಸೋಲ ಮಾಡಿ ಕಟ್ಟಿಬಿಡಿ. ಕಾಗದಪತ್ರ ಮುಖ್ಯ” ಎಂದೆ. ಅವರು ಹಾಗೆಯೇ ಮಾಡಿದರು. ಆಕೆಯ ತಾಯಿ ತಮ್ಮ ನಾಲ್ಕು ಬಳೆಗಳನ್ನೂ ಒಂದು ಸರವನ್ನೂ ಗಿರವಿ ಇಟ್ಟು ಹಣ ಕಳುಹಿಸಿದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮರುವರ್ಷ ಕೊರೋನಾ ಕಾಲದಲ್ಲಿ ಮನೆಯಲ್ಲೇ ಕುಳಿತಿದ್ದಾಗ ಈ ವಿಷಯವನ್ನು ಓದತೊಡಗಿದೆ. ಓದುತ್ತ ಹೋದಂತೆ ನನ್ನ ಉತ್ತರ ಎಷ್ಟು ಹುಂಬತನದ್ದೆಂಬುದು ಬಿಡಿಬಿಡಿಯಾಗಿ ಅರ್ಥವಾಯಿತು.

‘ಹಂಗಿನ ಅನ್ನ’ ಎಂದು ಅಷ್ಟು ಸಲೀಸಾಗಿ ಹೇಳಿದ ನಾನು ಬಾಲ್ಯದಲ್ಲಿ ತಿಂದದ್ದೇನು? 1960ರ ದಶಕದ ಕೊನೆಯಲ್ಲಿ ನಮ್ಮ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ದೊಡ್ಡ ಹಂಡೆಯಿಂದ ಬಡಿಸುತ್ತಿದ್ದ ಕೇರ್ ಸಂಸ್ಥೆಯ ಉಪ್ಪಿಟ್ಟು, ನೀರಿನಲ್ಲಿ ಕದಡಿದ ಹಾಲಿನ ಪುಡಿ. ಅದು ಅಮೆರಿಕದಿಂದಲೇ ಬರುತ್ತಿದ್ದ ಧಾನ್ಯ! ಅದನ್ನು ತಿಂದವರನ್ನು ಯಾರೂ ಹೊರೆ ಎಂದು ಕರೆದದ್ದು ನನಗೆ ನೆನಪಿಲ್ಲ. ಇನ್ನು ಪಡಿತರ ಚೀಟಿಯ ವಿಚಾರ. ಸೊಸೈಟಿಯ ಸಕ್ಕರೆ, ಸೀಮೆಎಣ್ಣೆಗಳಿಗಾಗಿ ಕೊಟ್ಟ ಆ ಚೀಟಿಯನ್ನೇ ನಾವು ಶಾಲೆಗೆ ಸೇರಿಸಲು, ಗ್ಯಾಸ್ ಸಂಪರ್ಕ ಪಡೆಯಲು, ಒಂದು ಕಾಲದಲ್ಲಿ ಪಾಸ್‌ಪೋರ್ಟಿಗೂ ವಿಳಾಸದ ದಾಖಲೆಯಾಗಿ ತೋರಿಸುತ್ತಿದ್ದೆವು. ಸರ್ಕಾರದ ಅಕ್ಕಿಯನ್ನು ಪಡೆಯುತ್ತಿರುವುದೇ ಈ ಊರಿನವನೆಂಬುದಕ್ಕೆ ಸಾಕ್ಷಿ. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿ ನೆಲೆಸಲು ಬಂದವನು ಸರ್ಕಾರದ ನೆರವನ್ನು ಪಡೆದರೆ ಅದೇ ಅವನ ವಿರುದ್ಧದ ಸಾಕ್ಷಿಯಾಗಬಹುದು. ಆ ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಪಬ್ಲಿಕ್ ಚಾರ್ಜ್’ ಎಂದು ಹೆಸರು. ಕನ್ನಡದಲ್ಲಿ ‘ಸಾರ್ವಜನಿಕರ ಮೇಲಿನ ಹೊರೆ’ ಎನ್ನಬಹುದು.

ಈ ಪದದ ಬೇರು ಇಂಗ್ಲೆಂಡಿನಲ್ಲಿದೆ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1601ರಲ್ಲಿ, ಬಡವರ ಕಾನೂನು ಜಾರಿಗೆ ಬಂದಿತು. ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು ತನ್ನ ದಿಕ್ಕಿಲ್ಲದವರನ್ನು ತಾನೇ ತೆರಿಗೆ ಎತ್ತಿ ಸಾಕಬೇಕೆಂಬುದು ಅದರ ಸಾರ. ಒಳ್ಳೆಯ ಕಾನೂನೇ. ಆದರೆ ಸಾಕುವ ಹೊಣೆ ಊರಿನದ್ದಾದೊಡನೆ ‘ಯಾರು ನಮ್ಮೂರಿನವರು’ ಎಂಬ ಪ್ರಶ್ನೆ ಎದ್ದಿತು. 1662ರ ಮತ್ತೊಂದು ಕಾಯ್ದೆಯ ಪ್ರಕಾರ, ಹೊಸದಾಗಿ ಬಂದು ಸೇರಿದ ಬಡವನು ಮುಂದೆ ಊರಿಗೆ ಹೊರೆಯಾಗಬಹುದೆಂದು ಕಂಡುಬಂದರೆ, ಬಂದ ನಲವತ್ತು ದಿನಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಿನ ಊರಿಗೆ ಅಟ್ಟಬಹುದಾಗಿತ್ತು. ‘ಮುಂದೆ ಆಗಬಹುದು’ ಎಂಬ ಮಾತನ್ನು ಗಮನಿಸಬೇಕು. ಅವನು ಒಂದು ತುತ್ತನ್ನೂ ಬೇಡಿರಬೇಕಾಗಿಲ್ಲ; ಬೇಡಿಯಾನೆಂಬ ಊಹೆಯೇ ಸಾಕು. ಮೂರೂವರೆ ಶತಮಾನಗಳ ನಂತರವೂ ಈ ಕಾನೂನಿನ ಜೀವ ಆ ಊಹೆಯಲ್ಲೇ ಇದೆ.

ಇಂಗ್ಲೆಂಡಿನ ಈ ಮನೋಭಾವ ಹಡಗು ಹತ್ತಿ ಎರಡು ದಿಕ್ಕಿಗೂ ಹೋಯಿತು. ಅದು ನಮ್ಮ ಕಡೆಗೂ ಬಂತೆಂಬುದನ್ನು ನಾವು ಮರೆತಿದ್ದೇವೆ. 1876ರಿಂದ 1878ರವರೆಗಿನ ಧಾತು ಈಶ್ವರ ಬರವನ್ನು ನಿಮಗೆ ಪಾಠ ಮಾಡಿದ್ದೆ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ವೈಸರಾಯ್ ಲಿಟ್ಟನ್ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲನನ್ನು ದಕ್ಷಿಣಕ್ಕೆ ಅಟ್ಟಿದ್ದು ಮುಖ್ಯವಾಗಿ ಪರಿಹಾರದ ವೆಚ್ಚವನ್ನು ಬಿಗಿಹಿಡಿಯಲಿಕ್ಕೆ. ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ: ಇದು ಆತ ನಿಗದಿಪಡಿಸಿದ ಕೂಲಿ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಮೆ. ಇಷ್ಟರಲ್ಲಿ ಮಣ್ಣು ಹೊರುವವನು ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪ್ರತಿಭಟಿಸಿದನು. ಇದರ ಜೊತೆಗೆ ‘ದೂರದ ಪರೀಕ್ಷೆ’ ಎಂಬುದೊಂದಿತ್ತು. ಮನೆಯಿಂದ ಮೈಲುಗಟ್ಟಲೆ ದೂರದ ಶಿಬಿರಕ್ಕೆ ನಡೆದು ಬರಲೊಪ್ಪುವವನೇ ನಿಜವಾಗಿ ಹಸಿದವನು, ಉಳಿದವರು ಸೋಗಿನವರು ಎಂಬ ತರ್ಕ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ನನ್ನ ಅಜ್ಜಿ ‘ಗಂಜಿಗೆ ಗತಿಯಿಲ್ಲ’ ಎಂಬ ಮಾತನ್ನು ಬೈಗುಳವಾಗಿ ಯಾರ ಮೇಲೂ ಬಳಸಗೊಡುತ್ತಿರಲಿಲ್ಲ. ಅದೇಕೆಂದು ನಾನು ಎಂದೂ ಕೇಳಲಿಲ್ಲ.

ಇನ್ನು ಹಡಗು ಹೋದ ಇನ್ನೊಂದು ದಿಕ್ಕು. ಅಮೆರಿಕದ ಕರಾವಳಿಯ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಮುಂತಾದ ರಾಜ್ಯಗಳು ಇಂಗ್ಲೆಂಡಿನ ಬಡವರ ಕಾನೂನನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದವು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ತಪ್ಪಿಸಿಕೊಂಡು ಬಂದವರ ವಿರುದ್ಧ ಅವು ಈ ಅಸ್ತ್ರವನ್ನು ಪ್ರಯೋಗಿಸಿದವು. ರಾಜ್ಯಗಳು ವಲಸಿಗರ ಮೇಲೆ ಹೀಗೆ ಹಣ ವಸೂಲು ಮಾಡುವುದು ಸಲ್ಲದೆಂದು 1876ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ, 1882ರ ಆಗಸ್ಟ್ 3ರಂದು ಕೇಂದ್ರ ಸರ್ಕಾರವೇ ಕಾಯ್ದೆ ಮಾಡಿತು. ತಲೆಗೆ ಐವತ್ತು ಸೆಂಟ್ ತೆರಿಗೆ. ಅಪರಾಧಿಗಳು, ಬುದ್ಧಿ ಸ್ವಾಧೀನವಿಲ್ಲದವರು, ಸಾರ್ವಜನಿಕರಿಗೆ ಹೊರೆಯಾಗದೆ ತಮ್ಮನ್ನು ತಾವು ನೋಡಿಕೊಳ್ಳಲಾರದವರು ಇಳಿಯುವಂತಿಲ್ಲ. 1891ರಲ್ಲಿ ಅದು ‘ಹೊರೆಯಾಗುವ ಸಂಭವವುಳ್ಳವರು’ ಎಂದಾಯಿತು. ನೋಡಿ, ಊಹೆ ಮತ್ತೆ ಬಂದು ಕುಳಿತಿತು.

ಇದು ಭಾರತೀಯರಿಗೆ ತಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆಗ ಶಾಂತಸಾಗರದ ತೀರಕ್ಕೆ ಹೋದವರಲ್ಲಿ ಹೆಚ್ಚಿನವರು ಪಂಜಾಬಿನ ರೈತರು. ಮರದ ಮಿಲ್ಲು, ರೈಲು ಹಳಿ, ಹಣ್ಣಿನ ತೋಟಗಳಲ್ಲಿ ದುಡಿಯುವ ಗಟ್ಟಿ ಆಳುಗಳು. ಚೀನೀಯರನ್ನು ತಡೆಯಲು 1882ರಲ್ಲೇ ಪ್ರತ್ಯೇಕ ಕಾಯ್ದೆಯಿತ್ತು. ಭಾರತೀಯರನ್ನು ತಡೆಯಲು ಹಾಗೊಂದು ಕಾಯ್ದೆ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಲ್ಲಿ ವಲಸೆ ಠಾಣೆ ತೆರೆದ ಮೇಲೆ ಅಧಿಕಾರಿಗಳು ಒಂದು ಉಪಾಯ ಕಂಡುಕೊಂಡರು. ಅದರ ತರ್ಕ ಹೀಗಿತ್ತು: ಇಲ್ಲಿನ ಬಿಳಿಯರಿಗೆ ಹಿಂದೂಗಳೆಂದರೆ ಆಗದು. ಆದ್ದರಿಂದ ಇವರಿಗೆ ಯಾರೂ ಕೆಲಸ ಕೊಡರು. ಕೆಲಸವಿಲ್ಲದವನು ಸಾರ್ವಜನಿಕರಿಗೆ ಹೊರೆಯಾಗುತ್ತಾನೆ. ಆದ್ದರಿಂದ ಇಳಿಯಬೇಡ! ಇನ್ನೊಬ್ಬನ ದ್ವೇಷವನ್ನು ಇವನ ದೋಷವಾಗಿ ಬರೆದುಕೊಂಡರು. 1908ರಿಂದ 1920ರವರೆಗಿನ ಅವಧಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಹಿಂದಿರುಗಿಸಲಾಯಿತು, ಅವರಲ್ಲಿ ಹೆಚ್ಚಿನವರನ್ನು ಇದೇ ಕಾರಣ ಹೇಳಿ. ತರಗತಿಯಲ್ಲಿ ತರ್ಕದೋಷಕ್ಕೆ ಉದಾಹರಣೆ ಕೊಡಬೇಕಾಗಿ ಬಂದಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಸಿಗುತ್ತಿರಲಿಲ್ಲ.

1915ರಲ್ಲಿ ಒಂದು ತೀರ್ಪು ಬಂತು. ಪೋರ್ಟ್‌ಲೆಂಡ್ ನಗರಕ್ಕೆ ಹೊರಟಿದ್ದ ಕೆಲವು ರಷ್ಯನ್ನರನ್ನು, ಆ ಊರಿನಲ್ಲಿ ಕೂಲಿಗಾರರು ಈಗಾಗಲೇ ಹೆಚ್ಚಾಗಿದ್ದಾರೆ ಎಂಬ ಕಾರಣಕ್ಕೆ ನ್ಯೂಯಾರ್ಕಿನಲ್ಲಿ ತಡೆಯಲಾಗಿತ್ತು. ನ್ಯಾಯಮೂರ್ತಿ ಹೋಮ್ಸ್ ಅದನ್ನು ಒಪ್ಪಲಿಲ್ಲ. ನೋಡಬೇಕಾದದ್ದು ವ್ಯಕ್ತಿಯ ಸ್ವಂತ ಶಕ್ತಿ ಸಾಮರ್ಥ್ಯವನ್ನೇ ಹೊರತು ಯಾವುದೋ ಊರಿನ ಕೂಲಿ ಮಾರುಕಟ್ಟೆಯನ್ನಲ್ಲ ಎಂಬುದು ಅವರ ತೀರ್ಪಿನ ಅರ್ಥ. ನಮ್ಮವರಿಗೆ ಅದರ ಪ್ರಯೋಜನ ಹೆಚ್ಚು ಕಾಲ ಉಳಿಯಲಿಲ್ಲ. 1917ರ ಕಾಯ್ದೆ ಭಾರತವನ್ನೂ ಒಳಗೊಂಡ ಏಷ್ಯಾದ ಬಹುಭಾಗಕ್ಕೇ ಗೆರೆ ಎಳೆದು ಬಾಗಿಲು ಹಾಕಿತು. ವಿದ್ಯಾರ್ಥಿಗಳೂ ಸೇರಿದಂತೆ ಕೆಲವು ವರ್ಗದವರಿಗೆ ವಿನಾಯಿತಿ ಇದ್ದಿತು. ಮುಂದೆ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ನಮ್ಮ ಧಾರವಾಡದ ಕಡೆಯ ಡಾಕ್ಟರ್ ನಾ. ಸು. ಹರ್ಡೀಕರರು ಆ ವರ್ಷಗಳಲ್ಲೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಓದಲು ಬಾ, ನೆಲೆಸಲು ಬೇಡ.

1930ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಅಧ್ಯಕ್ಷ ಹೂವರ್ ಈ ಷರತ್ತನ್ನು ಬಿಗಿಯಾಗಿ ಅನ್ವಯಿಸುವಂತೆ ವಿದೇಶಗಳ ದೂತಾವಾಸಗಳಿಗೆ ಸೂಚನೆ ಕೊಡಿಸಿದರು. ಅದರ ಫಲವನ್ನು ಉಂಡವರಲ್ಲಿ, ಮುಂದೆ ಹಿಟ್ಲರನಿಂದ ತಪ್ಪಿಸಿಕೊಳ್ಳಲು ವೀಸಾ ಕೇಳಿದ ಜರ್ಮನಿಯ ಯಹೂದಿಗಳೂ ಇದ್ದರು. ಆಸ್ತಿಯನ್ನೆಲ್ಲ ಕಸಿದುಕೊಳ್ಳಲಾಗಿದ್ದ ಜನರನ್ನು ‘ನಿನ್ನಲ್ಲಿ ಹಣವೆಷ್ಟಿದೆ’ ಎಂದು ಕೇಳುವುದು! ಆ ದಶಕದ ಹೆಚ್ಚಿನ ವರ್ಷಗಳಲ್ಲಿ ಜರ್ಮನಿಗೆ ಮೀಸಲಾಗಿದ್ದ ವೀಸಾಗಳ ಸಂಖ್ಯೆಯೇ ಪೂರ್ತಿ ಭರ್ತಿಯಾಗಲಿಲ್ಲ.

ನಮ್ಮ ಜನರಿಗೆ ನಿಜವಾಗಿ ಬಾಗಿಲು ತೆರೆದದ್ದು 1965ರ ಕಾಯ್ದೆಯಿಂದ. ಮೊದಲು ಡಾಕ್ಟರುಗಳು, ಇಂಜಿನಿಯರುಗಳು ಹೋದರು. 2000ದ ಆಸುಪಾಸಿನಲ್ಲಿ ಜಾಲಹಳ್ಳಿ, ಯಲಹಂಕ, ಆರ್.ಟಿ. ನಗರದ ಮನೆಮನೆಯಿಂದ ಕಂಪ್ಯೂಟರ್ ಕಲಿತ ಮಕ್ಕಳು ಹೊರಟರು. ಸಂಬಳದವರಾದ ಇವರನ್ನು ‘ಹೊರೆ’ ಎಂಬ ಮಾತು ಕಾಡಲಿಲ್ಲ. ಅದು ಮತ್ತೆ ನಮ್ಮ ಮನೆಗಳನ್ನು ಹೊಕ್ಕದ್ದು ಹಿರಿಯರ ಮೂಲಕ. 1996ರಲ್ಲಿ ಅಮೆರಿಕ ಎರಡು ದೊಡ್ಡ ಕಾಯ್ದೆಗಳನ್ನು ಮಾಡಿತು. ಒಂದರಿಂದ, ಗ್ರೀನ್ ಕಾರ್ಡ್ ಪಡೆದವರಲ್ಲಿ ಹೆಚ್ಚಿನವರಿಗೆ ಮೊದಲ ಐದು ವರ್ಷ ಮೆಡಿಕೇಡ್‌ನಂಥ ನೆರವುಗಳು ಮುಚ್ಚಿಹೋದವು. ಇನ್ನೊಂದರಿಂದ, ತಂದೆತಾಯಿಯರನ್ನು ಕರೆಸಿಕೊಳ್ಳುವ ಮಗನೋ ಮಗಳೋ ತಾನೇ ಸಾಕುತ್ತೇನೆಂಬ ಮುಚ್ಚಳಿಕೆಗೆ ಸಹಿ ಹಾಕಬೇಕಾಯಿತು. ಹಿಂದೆಯೂ ಇಂಥ ಪತ್ರಗಳಿದ್ದವು, ಆದರೆ ಅವು ಬಾಯಿಮಾತಿನಷ್ಟೇ. 1997ರ ಡಿಸೆಂಬರಿನಿಂದ ಬಂದದ್ದು ನ್ಯಾಯಾಲಯದಲ್ಲಿ ನಿಲ್ಲುವ ಕರಾರು. ಸರ್ಕಾರ ಗೊತ್ತುಪಡಿಸಿದ ಬಡತನದ ರೇಖೆಯ ಶೇಕಡಾ 125ರಷ್ಟಾದರೂ ವರಮಾನ ತೋರಿಸಬೇಕು. ಬಂದವರು ಪೌರತ್ವ ಪಡೆಯುವವರೆಗೆ, ಇಲ್ಲವೇ ನಲವತ್ತು ತ್ರೈಮಾಸಿಕಗಳ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಇಲ್ಲವೇ ದೇಶ ಬಿಟ್ಟು ಹೋಗುವವರೆಗೆ, ಇಲ್ಲವೇ ತೀರಿಕೊಳ್ಳುವವರೆಗೆ ಆ ಹೊಣೆ ಇಳಿಯದು. ಗಂಡ ಹೆಂಡತಿಗಾಗಿ ಸಹಿ ಹಾಕಿದ್ದರೆ ವಿಚ್ಛೇದನವಾದರೂ ಇಳಿಯದು. ಇದನ್ನು ಓದದೆಯೇ ಸಹಿ ಹಾಕುವವರು ಬಹಳ ಮಂದಿ ಇದ್ದಾರೆಂದು ನನ್ನ ಗುಮಾನಿ.

ಇಷ್ಟಾದರೂ ‘ಹೊರೆ’ ಎಂದರೇನೆಂದು ಕಾಯ್ದೆ ಬಿಡಿಸಿ ಹೇಳಲಿಲ್ಲ. ವಯಸ್ಸು, ಆರೋಗ್ಯ, ಸಂಸಾರ, ಆಸ್ತಿಪಾಸ್ತಿ, ವಿದ್ಯೆ ಈ ಐದನ್ನು ನೋಡಬೇಕೆಂದು ಮಾತ್ರ ಹೇಳಿತು. ಜನರು ಹೆದರಿ ಮಕ್ಕಳ ಲಸಿಕೆಯನ್ನೂ ಬಿಡತೊಡಗಿದ ಕಾರಣ 1999ರ ಮೇ ತಿಂಗಳಲ್ಲಿ ಸ್ಪಷ್ಟನೆ ಬಂತು. ಬದುಕಿಗೆ ಮುಖ್ಯವಾಗಿ ಸರ್ಕಾರದ ನಗದು ನೆರವನ್ನೇ ನೆಚ್ಚಿಕೊಂಡವರು, ಸರ್ಕಾರದ ಖರ್ಚಿನಲ್ಲಿ ದೀರ್ಘಕಾಲ ಆರೈಕೆ ಸಂಸ್ಥೆಯಲ್ಲಿ ಇರುವವರು ಮಾತ್ರ ಹೊರೆ. ಆಹಾರದ ಚೀಟಿ, ಸಾಮಾನ್ಯ ಚಿಕಿತ್ಸೆ, ಶಾಲೆಯ ಊಟ ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ಇದೇ ನಡೆಯಿತು.

2019ರ ಆಗಸ್ಟಿನಲ್ಲಿ ಪ್ರಕಟವಾದ ಹೊಸ ನಿಯಮ ಇದನ್ನು ಬದಲಿಸಿತು. ಮೂವತ್ತಾರು ತಿಂಗಳಲ್ಲಿ ಒಟ್ಟು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಆಹಾರ, ವಸತಿ ಅಥವಾ ಮೆಡಿಕೇಡ್ ನೆರವು ಪಡೆದವನೂ ಹೊರೆಯೆಂದಾಯಿತು. ಸಾಲ ತೀರಿಸುವ ಯೋಗ್ಯತೆಯ ಅಂಕ, ಇಂಗ್ಲಿಷ್ ಜ್ಞಾನ ಎಲ್ಲವನ್ನೂ ಬರೆಯಬೇಕಾದ ಉದ್ದನೆಯ ಫಾರಂ ಹೊರಟಿತು. 61 ದಾಟಿದ ವಯಸ್ಸು ಒಂದು ಕೊರತೆ. ಆಗ ನನಗೆ ಅರವತ್ತು. ಕನ್ನಡಿಯಲ್ಲಿ ಮುಖ ನೋಡಿಕೊಂಡೆ.

ನನ್ನ ತಪ್ಪು ಇರುವುದು ಇಲ್ಲಿಯೇ. ಆ ನಿಯಮ 2019ರ ಅಕ್ಟೋಬರ್ 15ರಂದು ಜಾರಿಯಾಗಬೇಕಿತ್ತು. ಅದಕ್ಕೆ ಕೆಲವೇ ದಿನಗಳ ಮೊದಲು ನ್ಯಾಯಾಲಯಗಳು ತಡೆದವು. ಅಂದರೆ ನಾನು ಫೋನಿನಲ್ಲಿ ಉಪದೇಶ ಮಾಡಿದ ರಾತ್ರಿ ಅದು ಜಾರಿಯಲ್ಲೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ ತಡೆಯನ್ನು ತೆಗೆದದ್ದು 2020ರ ಜನವರಿ 27ರಂದು. ಜಾರಿಯಾದದ್ದು ಫೆಬ್ರವರಿ 24ರಿಂದ. ಜಾರಿಯಾದ ನಿಯಮದಲ್ಲಿಯೂ ಎಣಿಸುತ್ತಿದ್ದುದು ಅರ್ಜಿದಾರನು ತಾನೇ ಪಡೆದ ನೆರವನ್ನು. ಅಲ್ಲಿಯೇ ಹುಟ್ಟಿ ಅಲ್ಲಿನ ಪ್ರಜೆಯಾದ ಮಗುವಿಗೆ ಸಿಕ್ಕಿದ ಚಿಕಿತ್ಸೆ ತಂದೆತಾಯಿಯರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದೊಳಗಿನವರ ಮೆಡಿಕೇಡ್ ಯಾರದ್ದಾದರೂ ಲೆಕ್ಕಕ್ಕಿರಲಿಲ್ಲ. ಆ ಬಳೆಗಳು ಗಿರವಿ ಅಂಗಡಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ನಾನೊಬ್ಬನೇ ಹೀಗೆ ಹೇಳಿದವನಲ್ಲವೆಂಬುದು ಸಮಾಧಾನದ ಮಾತೇನಲ್ಲ. ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆ 2018ರಲ್ಲಿ, ನಿಯಮ ಇನ್ನೂ ಪ್ರಸ್ತಾವವಾಗಿದ್ದಾಗಲೇ, ಸಮೀಕ್ಷೆ ಮಾಡಿತು. ವಲಸಿಗ ಕುಟುಂಬಗಳ ಏಳು ವಯಸ್ಕರಲ್ಲಿ ಸುಮಾರು ಒಬ್ಬರು, ಗ್ರೀನ್ ಕಾರ್ಡಿಗೆ ಧಕ್ಕೆಯಾದೀತೆಂದು ತಾವು ಅಥವಾ ಮನೆಯವರು ನೆರವನ್ನು ಬಿಟ್ಟುದಾಗಿ ತಿಳಿಸಿದರು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. ಅಮೆರಿಕದೊಳಗಿನ ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ 47,555ಕ್ಕೆ ಆ ನಿಯಮವನ್ನು ಅನ್ವಯಿಸಲಾಯಿತೆಂದು ಅಲ್ಲಿನ ಸರ್ಕಾರವೇ ಆಮೇಲೆ ಲೆಕ್ಕ ಕೊಟ್ಟಿತು. ಅವುಗಳಲ್ಲಿ ಎಲ್ಲ ಅಂಶಗಳನ್ನೂ ತೂಗಿನೋಡಿ ‘ಹೊರೆ’ ಎಂದು ತಿರಸ್ಕೃತವಾದವು ಮೂರು. ನಿರಾಕರಣೆಯ ಮುನ್ಸೂಚನೆ ಪಡೆದವು ಎರಡು. ಆ ಮೂರನ್ನೂ ಮತ್ತೆ ತೆರೆದು ಹಳೆಯ ನಿಯಮದಂತೆ ಪರಿಶೀಲಿಸಿದರು; ಎರಡು ಮುನ್ಸೂಚನೆಗಳನ್ನೂ ಹಿಂತೆಗೆದುಕೊಂಡರು. ನಾನು ಈ ಸಾಲನ್ನು ಮೂರು ಸಲ ಓದಿದೆ. ಟೆಂಪಲ್ಲನ ದೂರದ ಪರೀಕ್ಷೆಯಲ್ಲಿ ಜನರು ನಡೆದಾದರೂ ನೋಡಬೇಕಿತ್ತು. ಇಲ್ಲಿ ದೂರವಿದೆಯೆಂಬ ಸುದ್ದಿ ಕೇಳಿಯೇ ಮನೆಯಲ್ಲಿ ಕುಳಿತುಬಿಟ್ಟರು.

2021ರ ಮಾರ್ಚಿನಲ್ಲಿ ಆ ನಿಯಮ ಬಿದ್ದುಹೋಯಿತು. ಬಹುಮಟ್ಟಿಗೆ 1999ರ ವ್ಯಾಖ್ಯೆಯನ್ನೇ ಒಳಗೊಂಡ ಹೊಸ ನಿಯಮ 2022ರ ಡಿಸೆಂಬರ್ 23ರಿಂದ ಜಾರಿಗೆ ಬಂತು. ಅದನ್ನೂ ತೆಗೆದುಹಾಕುವ ಪ್ರಸ್ತಾವವನ್ನು 2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಆದ್ದರಿಂದ ದಯವಿಟ್ಟು ಇದನ್ನು ಓದಿ ಯಾರೂ ತೀರ್ಮಾನ ಮಾಡಬೇಡಿ. ಒಮ್ಮೆ ಮೇಷ್ಟ್ರ ಮಾತು ಕೇಳಿ ಕೆಟ್ಟದ್ದು ಸಾಕು. ಅರ್ಜಿ ಹಾಕುವ ದಿನದ ನಿಯಮವನ್ನು ಅಲ್ಲಿನ ವಕೀಲರಿಂದಲೇ ತಿಳಿದುಕೊಳ್ಳಿ. ವಾಟ್ಸಾಪಿನಿಂದಲ್ಲ, ನನ್ನಿಂದಲೂ ಅಲ್ಲ.

ಆ ಮಗುವಿಗೆ ಈಗ ಆರು ತುಂಬಿದೆ. ಶೆಟ್ಟಿಹಳ್ಳಿಗೆ ಬಂದಿದ್ದಾಗ ನಮ್ಮ ಮನೆಯ ಜಗಲಿಯ ಮೇಲೆ ಬುಗುರಿ ಆಡಿಸಲು ಕಲಿತು ಹೋಯಿತು. ಬಳೆಗಳು ಎರಡು ವರ್ಷದ ಮೇಲೆ ಬಿಡುಗಡೆಯಾಗಿ ಬಂದವು, ಸರ ಬರಲಿಲ್ಲ. ಒಂದು ದಿನ ಧೈರ್ಯ ಮಾಡಿ ಆಕೆಯ ತಾಯಿಗೆ ನನ್ನ ತಪ್ಪನ್ನು ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಫಿ ತರ್ತೀನಿ ಇರಿ ಮೇಷ್ಟ್ರೇ” ಎಂದು ಒಳಗೆ ಹೋದರು.

ಮಗಳು ಈಚೆಗೆ ಅಲ್ಲಿನ ಪೌರತ್ವ ಪಡೆದಿದ್ದಾಳೆ. ತಾಯಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾಳೆ. ಕಳೆದ ವಾರ ಅವರು ಮುಚ್ಚಳಿಕೆಯ ಒಂದು ನಮೂನೆಯನ್ನು ಹಿಡಿದುಕೊಂಡು ಬಂದರು. ಈ ಸಲ ನಾನು ಕನ್ನಡಕ ಹಾಕಿಕೊಂಡು, ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದೆ. ತಿಳಿಯದ ಕಡೆಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ವಕೀಲರನ್ನು ಕೇಳುವಂತೆ ಮಗಳಿಗೆ ತಿಳಿಸಿ ಎಂದೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದೇ ಸಲ 180 ದಿನಕ್ಕಿಂತ ಹೆಚ್ಚು ಕಾಲ ಇಲ್ಲಿ ಉಳಿದು ಹಿಂದಿರುಗಿದರೆ, ಹೊಸದಾಗಿ ಒಳಬರುವವರಂತೆ ಪರಿಗಣಿಸಿ ಈ ‘ಹೊರೆ’ಯ ಪ್ರಶ್ನೆಯನ್ನು ಮತ್ತೆ ಎತ್ತಬಹುದೆಂಬುದನ್ನೂ ವಿವರಿಸಿದೆ.

“ಆರು ತಿಂಗಳೊಳಗೇ ವಾಪಸ್ ಹೋಗ್ಬೇಕಾ?” ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿನಿಂದ ಎಣಿಸಿದರು. “ಗೌರಿ ಹಬ್ಬಕ್ಕೆ ಬಂದ್ರೆ ಅವರೆಕಾಯಿ ಕಾಲದವರೆಗೂ ಇರಬಹುದು ಅನ್ನಿ. ಯುಗಾದಿ ಸಿಕ್ಕೋದಿಲ್ಲ.”

ಇನ್ನೊಮ್ಮೆ ಎಣಿಸಿದರು. ನಾನೂ ಎದ್ದು ಹೋಗಿ ಜೊತೆಗೆ ಎಣಿಸಿದೆ.